ಬೇಪೂರು: ಮಿಲ್ಲುಗಳೆಲ್ಲ ಮುಚ್ಚಿದ ಅಳಿವೆಯಲ್ಲಿ ಉರು ಕಟ್ಟೋರು ಹೇಗೆ ಉಳಿದ್ರು

ಕಲ್ಲಿಕೋಟೆಯಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಹೋದ್ರೆ ಬೇಪೂರು ಸಿಗ್ತದೆ, ಚಾಲಿಯಾರ್ ಹೊಳೆ ಸಮುದ್ರ ಸೇರುವ ಅಳಿವೆ. ಆಚೆ ದಡದಲ್ಲಿ ಚಾಲಿಯಂ. ಎರಡರ ಮಧ್ಯ ಜಂಗಾರ್ ಓಡಾಡ್ತದೆ, ಬೈಕು ಕಾರು ಜನ ಎಲ್ಲ ಒಟ್ಟಿಗೆ ತುಂಬಿಸ್ಕೊಂಡು, ನಮ್ಮ ಸಿಗಂದೂರು ಲಾಂಚ್ ಇತ್ತಲ್ಲ ಹಾಗೇ. ನಡುಹೊಳೆಗೆ ಬಂದಾಗ ಒಂದು ಕಡೆ ಮೀನುಗಾರಿಕೆ ಬಂದರು, ಅದರಾಚೆ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಹಡಗುಗಳು, ಹೊಳೆಯ ಮೇಲ್ಗಡೆ ತೆಂಗಿನ ಮರಗಳ ಸಂದಿಯಲ್ಲಿ ಒಂದು ಶೆಡ್ಡು, ಅದರೊಳಗೆ ಎರಡಂತಸ್ತಿನ ಮನೆಯಷ್ಟು ದೊಡ್ಡ ಮರದ ಹೊಟ್ಟೆ. ಅದೇ ಉರು, ಸಮುದ್ರಕ್ಕೆ ಹೋಗೋ ದೊಡ್ಡ ಮರದ ಹಡಗು. ನಾವು ಮಂಗಳೂರಿನವರು ಹಳೆ ಬಂದರು ಧಕ್ಕೆಯಲ್ಲಿ ನೋಡಿದ ಮಂಜಿ, ಪತ್ತೆಮಾರಿಗಳ ದೊಡ್ಡಣ್ಣ ಅಂದ್ಕೊಳ್ಳಿ.

ನನ್ನನ್ನ ಅಲ್ಲಿಗೆ ಎಳ್ಕೊಂಡು ಹೋಗಿದ್ದು ಉರು ಅಲ್ಲ ಮಾರಾಯ್ರೆ, ಬ್ರಿಟಿಷರ ಕಾಲದ ಗೆಝೆಟಿಯರಿನ ಒಂದೆರಡು ಸಾಲು. ಬೇಪೂರಿನಲ್ಲಿ 1797ರಲ್ಲಿ ಮರ ಕೊಯ್ಯುವ ಮಿಲ್ಲು, 1805ರಲ್ಲಿ ಹಾಯಿಬಟ್ಟೆ ಫ್ಯಾಕ್ಟರಿ, ಆಮೇಲೆ ಕಬ್ಬಿಣದ ಕಾರ್ಖಾನೆ, ಅದಾದ ಮೇಲೆ ಹಡಗುಕಟ್ಟೆ, ಎಲ್ಲ ಶುರು ಮಾಡಿದ್ರು, ಒಂದೂ ಕೈ ಹತ್ತಲಿಲ್ಲ ಅಂತ ಅದರಲ್ಲಿ ಉಂಟು. ಅಷ್ಟೇ. ಇಷ್ಟು ಸಣ್ಣ ಊರಿಗೆ ಇಷ್ಟೊಂದು ಫೇಲ್ಯೂರಾ ಅಂತ ತಲೆಗೆ ಹುಳ ಬಿಟ್ಟ ಹಾಗಾಯ್ತು. ಆ ಪಟ್ಟಿಗೆ ಟಿಪ್ಪುವಿನ ರಾಜಧಾನಿಯನ್ನೂ, ರೈಲ್ವೆ ಕೊನೇ ಸ್ಟೇಷನ್ನನ್ನೂ, ಹೊಳೆಯ ಮೇಲ್ಗಡೆಯ ರೇಯಾನ್ ಫ್ಯಾಕ್ಟರಿಯನ್ನೂ ಸೇರಿಸಿದ್ರೆ ಇನ್ನೂ ಉದ್ದ ಆಗ್ತದೆ. ದೊಡ್ಡ ದುಡ್ಡು, ದೊಡ್ಡ ಅಧಿಕಾರ ಬಂದು ಕೂತದ್ದೆಲ್ಲ ಎದ್ದು ಹೋಯ್ತು, ನಕ್ಷೆಯೇ ಇಲ್ಲದೆ ಬಾಯಿಲೆಕ್ಕದಲ್ಲಿ ಹಡಗು ಕಟ್ಟೋ ಮೇಸ್ತ್ರಿಗಳು ಮಾತ್ರ ಇವತ್ತಿಗೂ ಅಲ್ಲೇ ಇದ್ದಾರೆ. ಯಾಕೆ? ಇದನ್ನ ಒಂದು ಕೇಸ್ ಥರ ಬಿಡಿಸಿ ನೋಡುವ ಅಂತ ಹೊರಟೆ.

ಮೊದಲು ಜಾಗದ ಗುಣ ಹೇಳ್ಬೇಕು, ಮುಂದಿನದ್ದೆಲ್ಲ ಅದರ ಮೇಲೇ ನಿಂತಿರೋದು. ಚಾಲಿಯಾರ್ 169 ಕಿಲೋಮೀಟರ್ ಉದ್ದದ ಹೊಳೆ, ವಯನಾಡು ನೀಲಗಿರಿ ಕಡೆ ಘಟ್ಟದಲ್ಲಿ ಹುಟ್ಟಿ ನಿಲಂಬೂರಿನ ತೇಗದ ಕಾಡು ದಾಟಿ ಕೆಳಗೆ ಬರ್ತದೆ. ಅಂದ್ರೆ ಕಾಡಿನಿಂದ ಸಮುದ್ರಕ್ಕೆ ದೇವರೇ ಹಾಕಿಕೊಟ್ಟ ರಸ್ತೆ. ಮಳೆಗಾಲದಲ್ಲಿ ನೀರು ಏರಿದಾಗ ಮರ ತಳ್ಳಿಬಿಟ್ರೆ ಅಳಿವೆಗೆ ಬಂದು ಸೇರ್ತದೆ. ಹಸಿ ತೇಗ ನೀರಲ್ಲಿ ಮುಳುಗ್ತದೆ, ಹಾಗಾಗಿ ಬಿದಿರು ಜೊತೆ ಕಟ್ಟಿ ತೆಪ್ಪ ಮಾಡಿ ಬಿಡೋದು. ಕಾಡಲ್ಲಿ ಎಳೆಯೋಕೆ ಆನೆ, ಹೊಳೆಯಲ್ಲಿ ತೇಲಿಸೋಕೆ ಬಿದಿರು, ಖರ್ಚು ಕಮ್ಮಿ. ತೊಂದರೆ ಇರೋದು ಬಾಯಲ್ಲಿ. ನಮ್ಮ ಕರಾವಳಿಯ ಎಲ್ಲ ಅಳಿವೆಗಳ ಹಾಗೆ ಇಲ್ಲೂ ಮರಳಿನ ದಿಬ್ಬ ಕೂರ್ತದೆ. ಚಪ್ಪಟೆ ತಳದ ದೋಣಿ, ಭರತ (ಸಮುದ್ರದ ಉಬ್ಬರ) ನೋಡ್ಕೊಂಡು ಒಳಗೆ ಬರೋ ಹಾಯಿಹಡಗು ಇದಕ್ಕೆಲ್ಲ ಪರವಾಗಿಲ್ಲ, ಆದ್ರೆ ಆಳದ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಬೇಕು. ಈ ಒಂದು ವಿಷಯ ನೆನಪಿಟ್ಕೊಳ್ಳಿ.

ಅಳಿವೆಯ ಬೆಲೆ ಗೊತ್ತಿದ್ದವರು ಮೊದಲಿಂದಲೂ ಇದ್ರು. 1531ರಲ್ಲಿ ಪೋರ್ಚುಗೀಸರು ಚಾಲಿಯಂನಲ್ಲಿ ಕೋಟೆ ಕಟ್ಟಿದ್ರು, ಕಲ್ಲಿಕೋಟೆಯ ರಾಜ ಸಾಮೂದಿರಿಯ ಗಂಟಲಿಗೆ ಕೈ ಹಾಕಿದ ಹಾಗೆ. 1571ರಲ್ಲಿ ಸಾಮೂದಿರಿ ಮುತ್ತಿಗೆ ಹಾಕಿ ಅದನ್ನ ತಗೊಂಡು ಕೆಡವಿಯೇ ಬಿಟ್ಟ. ನಲವತ್ತು ವರ್ಷ. ಆಮೇಲೆ ಟಿಪ್ಪು. 1788ರಲ್ಲಿ ಮಲಬಾರಿಗೆ ಬಂದವ, ಕಲ್ಲಿಕೋಟೆ ಬೇಡ, ಈ ಹೊಳೆಯ ದಡದಲ್ಲೇ ಹೊಸ ರಾಜಧಾನಿ ಆಗ್ಬೇಕು ಅಂತ ಹೊರಟ, ಅದಕ್ಕಿಟ್ಟ ಫರೂಕಾಬಾದ್ ಅನ್ನೋ ಹೆಸರೇ ಸವೆದು ಸವೆದು ಇವತ್ತಿನ ಫರೂಕ್ ಆಗಿದೆ. ಬೇಪೂರಿಗೂ ಸುಲ್ತಾನ್ ಪಟ್ಟಣಂ ಅನ್ನೋ ಹೆಸರು ಬಿತ್ತು. ಕಲ್ಲಿಕೋಟೆ ಜನರನ್ನ ಒತ್ತಾಯದಿಂದ ಎಬ್ಬಿಸಿ ಇಲ್ಲಿಗೆ ತಂದ್ರು, ಆದ್ರೆ 1790ರ ಡಿಸೆಂಬರಿನಲ್ಲಿ ಕರ್ನಲ್ ಹಾರ್ಟ್ಲಿ ತಿರೂರಂಗಾಡಿ ಹತ್ರ ಟಿಪ್ಪುವಿನ ಸೈನ್ಯವನ್ನ ಸೋಲಿಸಿದ ಮೇಲೆ ಫರೂಕೂ ಕೈಬಿಟ್ಟಿತು, ಜನ ವಾಪಸ್ ಹೋದ್ರು. ಮೂರು ವರ್ಷ ಕೂಡ ಆಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕೂತವನಿಗೆ ಸಮುದ್ರದ ಬಾಗಿಲು ಬೇಕಿತ್ತು ಅನ್ನೋದು ಅರ್ಥ ಆಗುವ ಆಸೆಯೇ, ಮಂಗಳೂರು ಇದ್ರೂ ಇನ್ನೊಂದು ಬೇಕು ಅನ್ನಿಸಿರಬಹುದು. ಊರನ್ನ ಹುಕುಂ ಕೊಟ್ಟು ಎಬ್ಬಿಸಬಹುದು, ಕೂರಿಸೋಕೆ ಆಗೋದಿಲ್ಲ.

ಮರದ ಮಿಲ್ಲು

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು. ಐದೇ ವರ್ಷಕ್ಕೆ ಬೇಪೂರಿನಲ್ಲಿ ಮರದ ಮಿಲ್ಲು. ಅಷ್ಟು ಅರ್ಜೆಂಟ್ ಯಾಕೆ ಅಂದ್ರೆ, ಆಗ ಫ್ರಾನ್ಸ್ ಜೊತೆ ಯುದ್ಧ ನಡೀತಾ ಇತ್ತು, ಇಂಗ್ಲೆಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಮರ ಮುಗೀತಾ ಬಂದಿತ್ತು. ಮುಂಬೈ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು ತೇಗದಲ್ಲಿ ಯುದ್ಧಹಡಗು ಕಟ್ಟಿ ಕೊಡ್ತಾ ಇದ್ರು, ಅವರಿಗೆ ಮಲಬಾರಿನ ತೇಗ ಬೇಕು. ತೇಗದೊಳಗೆ ಎಣ್ಣೆ ಅಂಶ ಉಂಟು, ಉಪ್ಪುನೀರಿಗೆ ಹುಳಕ್ಕೆ ಬೇಗ ಬಗ್ಗೋದಿಲ್ಲ, ಕಬ್ಬಿಣದ ಮೊಳೆ ಹೊಡೆದ್ರೂ ಓಕಿನ ಹಾಗೆ ಸುತ್ತ ಕೊಳೆಯೋದಿಲ್ಲ. ಸುಮ್ಮನೆ ಹೊಗಳ್ತಾ ಇಲ್ಲ. 1817ರಲ್ಲಿ ಮುಂಬೈಯಲ್ಲಿ ಮಲಬಾರು ತೇಗದಿಂದ ಕಟ್ಟಿ ನೀರಿಗಿಳಿಸಿದ ಟ್ರಿಂಕೋಮಲಿ ಅನ್ನೋ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇನ್ನೂ ತೇಲ್ತಾ ಇದೆ, ಇನ್ನೂರು ವರ್ಷ ದಾಟಿತು.

ಹಾಗಾದ್ರೆ ಮಿಲ್ಲಿಗೆ ಕೈ ತುಂಬ ಕೆಲಸ ಇರ್ಬೇಕಿತ್ತಲ್ಲ? ಇಲ್ಲೇ ಇರೋದು ಕತೆ. ತೇಗ ಯಾರದ್ದು ಅನ್ನೋ ಜಗಳ ಶುರುವಾಯ್ತು. ಕಾಡು ಜನ್ಮಿಗಳದ್ದು, ಅಂದ್ರೆ ಜಮೀನ್ದಾರರದ್ದು, ಕಡಿಸಿ ತೇಲಿಸಿ ಮಾರ್ತಿದ್ದವರು ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ವ್ಯಾಪಾರಿಗಳು, ತಲೆಮಾರಿಂದ ನಡೀತಿದ್ದ ವ್ಯವಸ್ಥೆ. 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಅನ್ನೋನನ್ನ ಕಾಡಿನ ಕನ್ಸರ್ವೇಟರ್ ಅಂತ ನೇಮಿಸ್ತು, ಭಾರತದಲ್ಲಿ ಆ ಹುದ್ದೆ ಶುರುವಾದದ್ದೇ ಅಲ್ಲಿಂದ, ಆದ್ರೆ ಹೆಸರಿಗೆ ರಕ್ಷಣೆ, ಕೆಲಸ ಮರದ ಏಕಸ್ವಾಮ್ಯ. ಕಂಪನಿ ಬಿಟ್ಟು ಯಾರೂ ತೇಗ ಕಡಿಯೋ ಹಾಗಿಲ್ಲ ಮಾರೋ ಹಾಗಿಲ್ಲ, ಜನ್ಮಿಗೂ ಸಿಟ್ಟು, ವ್ಯಾಪಾರಿಗೂ ಸಿಟ್ಟು, ಸೌದೆ ತರೋಕೆ ಹೋಗೋ ಬಡವನಿಗೂ ಸಿಟ್ಟು. ಕೊನೆಗೆ 1823ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದು ಹಾಕಿದ. ಅಷ್ಟರೊಳಗೆ ಹೊಳೆ ಹತ್ತಿರದ ಒಳ್ಳೇ ತೇಗ ತೆಳ್ಳಗಾಗಿತ್ತು, ಕೊಯ್ಯೋಕೆ ಮರವೇ ದೂರ ದೂರ ಹೋಗ್ತಾ ಬಂತು.

ಮತ್ತೊಂದು ಸಂಗತಿ, ಇದು ನನ್ನ ಲೆಕ್ಕ ಅಷ್ಟೆ. ಹಡಗಿನ ಹಲಗೆ ಗೆರೆ ಹೊಡೆದ ಹಾಗೆ ನೇರ ಇರಲ್ಲ, ಒಂದೊಂದು ಮರದ ಬಾಗು ನೋಡಿ ಕೊಯ್ಯಬೇಕು. ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯೋ ಕಾಲದ ಕೂಲಿ ಅಗ್ಗ, ಮತ್ತೆ ಅವರು ಮರ ಇದ್ದಲ್ಲಿಗೆ ನಡ್ಕೊಂಡು ಹೋಗ್ತಾರೆ. ಮಿಲ್ಲು ಕೂತಲ್ಲೇ ಕೂತು ಮರ ಬರಲಿ ಅಂತ ಕಾಯ್ಬೇಕು.

ತೇಗ ಮುಗಿದ ಬಿಸಿ ತಟ್ಟಿದ ಮೇಲೆಯೇ ನಿಲಂಬೂರಿನ ಪ್ಲಾಂಟೇಶನ್ ಬಂದದ್ದು. 1840ರ ದಶಕದಲ್ಲಿ ಮಲಬಾರ್ ಕಲೆಕ್ಟರ್ ಎಚ್. ವಿ. ಕಾನೊಲಿ ತೇಗ ನೆಡಿಸೋಕೆ ಶುರು ಮಾಡಿದ. ಹೆಸರು ಅವನದ್ದು, ಕೆಲಸ ಚಾತು ಮೇನೋನ್ ಅವರದ್ದು. ಬೀಜ ಮೊಳೆಯೋದೇ ಕಷ್ಟ ಆಗಿದ್ದ ಶುರುವಿನ ದಿನಗಳಿಂದ ಹಿಡಿದು ವರ್ಷಗಟ್ಟಲೆ ನಿಂತು ಹತ್ತು ಲಕ್ಷಕ್ಕೂ ಜಾಸ್ತಿ ಸಸಿ ನೆಟ್ಟವರು ಅವರು. ಜಗತ್ತಿನ ಅತ್ಯಂತ ಹಳೆ ತೇಗದ ತೋಟ ಅಂತ ಇವತ್ತು ಟೂರಿಸ್ಟರು ಫೋಟೋ ಹೊಡೆಯೋ ಜಾಗಕ್ಕೆ ಕಾನೊಲಿ ಪ್ಲಾಟ್ ಅಂತಾರೆ. ಮೇನೋನ್ ಪ್ಲಾಟ್ ಅಂದಿದ್ರೆ ನ್ಯಾಯ ಆಗ್ತಿತ್ತು.

ಹಾಯಿಬಟ್ಟೆ ಫ್ಯಾಕ್ಟರಿ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಕ್ಯಾಲಿಕೋ ಅಂತ ಬಟ್ಟೆಗೇ ಹೆಸರು ಕೊಟ್ಟ ಕಲ್ಲಿಕೋಟೆಯ (ಇಂಗ್ಲಿಷಿನಲ್ಲಿ ಕ್ಯಾಲಿಕಟ್) ಪಕ್ಕದಲ್ಲಿ ಬಟ್ಟೆ ಫ್ಯಾಕ್ಟರಿ ನಿಲ್ಲಲಿಲ್ಲ, ವಿಚಿತ್ರ ಅಷ್ಟೆ.

ಕಬ್ಬಿಣದ್ದು ಸ್ವಲ್ಪ ಹೇಳ್ಬೇಕು. ಜೋಸಯ್ಯ ಮಾರ್ಷಲ್ ಹೀತ್ ಅಂತ ಮದ್ರಾಸ್ ಸರ್ಕಾರದ ಅಧಿಕಾರಿ ಇದ್ದ, ಕೆಲಸ ಬಿಟ್ಟು ಕಬ್ಬಿಣದ ಹಿಂದೆ ಬಿದ್ದವ. ಪೂರ್ವ ಕರಾವಳಿಯ ಪೋರ್ಟೋ ನೋವೋದಲ್ಲಿ 1830ರ ಹೊತ್ತಿಗೆ ಇಂಗ್ಲೆಂಡಿನ ಮಾದರಿಯ ಊದುಕುಲುಮೆ ಹಾಕಿದ, ಅವನ ಕಬ್ಬಿಣದ ಕಂಪನಿಯ ಇನ್ನೊಂದು ಕೈ ಬೇಪೂರಿನಲ್ಲಿ. 19ನೇ ಶತಮಾನ ಅರ್ಧ ಮುಗಿಯೋದ್ರೊಳಗೆ ಇಲ್ಲಿ ಕುಲುಮೆ ಇತ್ತು. ಏರನಾಡಿನ ಕಡೆ ಕಬ್ಬಿಣದ ಅದಿರು ಉಂಟು, ಹಳ್ಳಿ ಕುಲುಮೆಗಳಲ್ಲಿ ಅದನ್ನ ಕರಗಿಸ್ತಾ ಇದ್ದವರೂ ಇದ್ರು. ಆದ್ರೆ ಇಲ್ಲಿ ಕಲ್ಲಿದ್ದಲು ಇಲ್ಲ ನೋಡಿ, ಕಟ್ಟಿಗೆ ಇದ್ದಲಿನಲ್ಲೇ ಕಬ್ಬಿಣ ಕರಗಿಸ್ಬೇಕು. ದೊಡ್ಡ ಕುಲುಮೆಯ ಹೊಟ್ಟೆಗೆ ಇದ್ದಲು ಹಾಕ್ತಾ ಹೋದ್ರೆ ಕಾಡು ಎಷ್ಟು ದಿನ ಬರ್ತದೆ? ಅದೇ ಹೊತ್ತಿಗೆ ಇಂಗ್ಲೆಂಡಿನಿಂದ ಕಲ್ಲಿದ್ದಲಲ್ಲಿ ಮಾಡಿದ ಕಬ್ಬಿಣ ಹಡಗಿನ ತಳದಲ್ಲಿ ಭಾರಕ್ಕೆ ಅಂತ ಹಾಕ್ಕೊಂಡು ಬಂದು ಅಗ್ಗಕ್ಕೆ ಇಳೀತಿತ್ತು. ಒಂದೇ ಅಳಿವೆಯಲ್ಲಿ ಒಬ್ಬರಿಗೆ ಮರ ದಿಮ್ಮಿಯಾಗಿ ಬೇಕು, ಇನ್ನೊಬ್ಬರಿಗೆ ಇದ್ದಲಾಗಿ ಬೇಕು, ಎರಡೂ ಒಂದೇ ಕಾಡಿನಿಂದ ಬರ್ಬೇಕು.

ರೈಲು ಬಂತು, ರೈಲು ಹೋಯ್ತು

ಇದು ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ ಭಾಗ. ಇವತ್ತಿನ ಕೇರಳದಲ್ಲಿ ಮೊದಲ ರೈಲು ಓಡಿದ್ದು ಎಲ್ಲಿ ಅಂತ ಕೇಳಿದ್ರೆ ಕೊಚ್ಚಿ ಅಂತಾರೆ, ತಿರುವನಂತಪುರ ಅಂತಾರೆ. ಅಲ್ಲ, ಬೇಪೂರು. 1861ರ ಮಾರ್ಚ್ 12, ತಿರೂರಿಂದ ಬೇಪೂರಿಗೆ ಮದ್ರಾಸ್ ರೈಲ್ವೆಯ ಗಾಡಿ. ಸ್ಟೇಷನ್ ಇದ್ದದ್ದು ಆಚೆ ದಡ ಚಾಲಿಯಂನಲ್ಲಿ, ಬೋರ್ಡು ಮಾತ್ರ ಬೇಪೂರು. ಮರುವರ್ಷ ಲೈನು ಪಾಲಕ್ಕಾಡು ಪೋದನೂರು ಕಡೆಯಿಂದ ಬಂದ ಹಳಿಗೆ ಸೇರಿತು, ಅಲ್ಲಿಗೆ ಮದ್ರಾಸಿನ ಪೂರ್ವ ಸಮುದ್ರಕ್ಕೂ ಬೇಪೂರಿನ ಪಡುವಣ ಸಮುದ್ರಕ್ಕೂ ಕಬ್ಬಿಣದ ದಾರಿ ಆಯ್ತು. ಮುಂಬೈಯಿಂದ ಸ್ಟೀಮರಿನಲ್ಲಿ ಬಂದು ಇಲ್ಲಿ ಇಳಿದು ರೈಲು ಹತ್ತಿ ಮದ್ರಾಸಿಗೋ ಊಟಿ ಕಡೆಗೋ ಹೋಗಬಹುದು. ಸಣ್ಣ ಊರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಹತ್ತೇ ವರ್ಷ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ ನಮ್ಮ ರಾಯಚೂರಿನಲ್ಲಿ ಕೂಡಿದ್ವು. ಮುಂಬೈಯಿಂದ ಮದ್ರಾಸಿಗೆ ನೇರ ರೈಲು ಸಿಕ್ಕ ಮೇಲೆ ವಾಂತಿ ಮಾಡ್ಕೊಂಡು ಸ್ಟೀಮರಲ್ಲಿ ಬರೋರು ಯಾರು? ಬೇಪೂರಿನ ಹಣೆಬರಹ ರಾಯಚೂರಿನಲ್ಲಿ ಬರೆದಾಯ್ತು ಅಂತ ನಾನು ಗೆಳೆಯನ ಹತ್ರ ಹೇಳಿದ್ರೆ ಅವ "ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತೀಯ ಮಾರಾಯಾ" ಅಂತ ನಕ್ಕ, ಆದ್ರೆ ಯೋಚನೆ ಮಾಡಿ ನೋಡಿ. ಇದರ ಜೊತೆ ಅಳಿವೆಯ ಮರಳು, ಸ್ಟೀಮರು ಒಳಗೆ ಬರೋಕಾಗಲ್ಲ. ಸರಕೆಲ್ಲ ಕಲ್ಲಿಕೋಟೆ ಪೇಟೆಯದ್ದು, ಅದನ್ನ ಹತ್ತು ಕಿಲೋಮೀಟರ್ ಇಲ್ಲಿಗೆ ತಂದು ಹೊಳೆ ದಾಟಿಸಿ ರೈಲಿಗೆ ಹಾಕೋದು ಯಾಕೆ ಅಂತ ವ್ಯಾಪಾರಿಗೆ ಅನಿಸದೆ ಇರ್ತದಾ. 1888ರಲ್ಲಿ ಫರೂಕಿನ ಹತ್ರ ಹೊಳೆ ದಾಟಿ ಹಳಿ ಕಲ್ಲಿಕೋಟೆಗೆ ಹೋಯ್ತು, ಚಾಲಿಯಂ ಸ್ಟೇಷನ್ ಮುಚ್ಚಿತು. ಅದೇ ಹಳಿ ಕಣ್ಣೂರು ದಾಟಿ 1907ರಲ್ಲಿ ಮಂಗಳೂರಿಗೆ ಬಂತು. ನಾವು ಇವತ್ತು ಮಂಗಳೂರಿಂದ ಹತ್ತಿ ಫರೂಕ್ ಸೇತುವೆ ಮೇಲೆ ಧಡಧಡ ಹೋಗೋವಾಗ ಬಲಗಡೆ ಸ್ವಲ್ಪ ದೂರದಲ್ಲಿ, ಹೊಳೆಯ ಬಾಯಲ್ಲಿ, ಆ ಲೈನಿನ ಮೊದಲ ಮನೆ ಇತ್ತು ಅನ್ನೋದು ಯಾರಿಗೂ ಹೊಳೆಯಲ್ಲ.

ಈ ಮಧ್ಯೆ ಒಂದು ಉದ್ಯಮ ಚೆನ್ನಾಗಿಯೇ ನಡೀತು, ಅದನ್ನ ಬಿಟ್ರೆ ನನ್ನ ವಾದಕ್ಕೆ ಅನುಕೂಲ, ಹಾಗಾಗಿಯೇ ಬಿಡಬಾರದು. ಹಂಚು. ಇದು ನಮ್ಮೂರಿಂದ ಹೋದದ್ದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಮಿಶನ್ ಅಲ್ಲಿಂದ ಕಲ್ಲಿಕೋಟೆಯ ಪುದಿಯರದಲ್ಲಿ 1873ಕ್ಕೆ, ಆಮೇಲೆ ಕುದ್ರೋಳಿ, ಮಲ್ಪೆ, ಕೋಡಕಲ್, ಪಾಲಕ್ಕಾಡು ಅಂತ ಹಬ್ಬಿಸಿ 1905ರಲ್ಲಿ ಫರೂಕಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಆಸ್ತಿ ಸರ್ಕಾರ ವಶಕ್ಕೆ ತಗೊಂಡ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯ್ತು. ಫರೂಕಿನ ಹೊಳೆದಡದಲ್ಲಿ ಬೇರೆಯವರೂ ಚಿಮಣಿ ಎಬ್ಬಿಸಿದ್ರು. ಅದು ಯಾಕೆ ಗೆದ್ದಿತು ಅಂದ್ರೆ ಗದ್ದೆಯ ಜೇಡಿಮಣ್ಣು ಪಕ್ಕದಲ್ಲೇ, ಮಣ್ಣೂ ಕಟ್ಟಿಗೆಯೂ ದೋಣಿಯಲ್ಲಿ ಬರ್ತದೆ, ಹಂಚೂ ದೋಣಿಯಲ್ಲೇ ಹೋಗ್ತದೆ, ಮತ್ತೆ ಕೊಳ್ಳುವವ ಒಬ್ಬನಲ್ಲ, ಮಳೆ ಬೀಳೋ ಕರಾವಳಿಯ ಪ್ರತಿ ಮನೆಯೂ ಗಿರಾಕಿ. ಆ ಗಿರಾಕಿ ತಾರಸಿ ಮನೆ ಕಟ್ಟೋವರೆಗೆ ನಡೀತು. ಜೆಪ್ಪು ಬೋಳಾರ ಹೊಯ್ಗೆ ಬಜಾರ್ ಕಡೆ ಹುಟ್ಟಿ ಬೆಳೆದವರಿಗೆ ಉಳಿದ ಕತೆ ನಾನು ಹೇಳ್ಬೇಕಾಗಿಲ್ಲ, ಆ ಚಿಮಣಿಗಳ ಕೆಳಗೆ ಏನೇನು ಎದ್ದಿದೆ ಅಂತ ಅವರೇ ನೋಡಿದ್ದಾರೆ.

ಒಂದು ರೂಪಾಯಿಗೆ ಒಂದು ಟನ್ ಬಿದಿರು

ಹೊಳೆಯ ಮೇಲ್ಗಡೆ ಮಾವೂರು. ಬೇಪೂರಿನದ್ದಲ್ಲ ನಿಜ, ಆದ್ರೆ ಹೊಳೆ ಒಂದೇ ಅಲ್ವಾ, ಮೇಲೆ ಬಿಟ್ಟದ್ದು ಕೆಳಗೆ ಬರ್ತದೆ. 1958ರಲ್ಲಿ ಕೇರಳ ಸರ್ಕಾರ ಬಿರ್ಲಾ ಬಳಗದ ಗ್ವಾಲಿಯರ್ ರೇಯಾನ್ಸ್ ಜೊತೆ ಒಪ್ಪಂದ ಮಾಡ್ಕೊಂಡಿತು, 1963ರಲ್ಲಿ ಉತ್ಪಾದನೆ ಶುರು. ಬಿದಿರನ್ನ ಬೇಯಿಸಿ ತಿರುಳು ತೆಗೆದು ಬಟ್ಟೆಯ ನಾರು ಮಾಡೋದು. ನಿಲಂಬೂರು ಕಾಡಿನ ಬಿದಿರು ಟನ್ನಿಗೆ ಒಂದು ರೂಪಾಯಿ ಲೆಕ್ಕದಲ್ಲಿ ಸಿಕ್ತು, ಓದಿದಾಗ ಸೊನ್ನೆ ಬಿಟ್ಟು ಹೋಗಿರಬೇಕು ಅಂದ್ಕೊಂಡೆ, ಇಲ್ಲ, ಒಂದೇ ರೂಪಾಯಿ. ತೇಗ ತೇಲಿಸೋಕೆ ಕಟ್ತಿದ್ದ ಅದೇ ಬಿದಿರು ಈಗ ತಾನೇ ಸರಕಾಯ್ತು.

ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು, ಅದನ್ನ ಮರೆತು ಮಾತಾಡೋದು ಅನ್ಯಾಯ. ಆದ್ರೆ ಹೊಳೆ ಕಪ್ಪಾಯ್ತು, ಮೀನು ಸತ್ತು ತೇಲಿದ್ವು, ಬಾವಿ ಕೆಟ್ಟಿತು, ಗಾಳಿ ನಾರಿತು. ಎದುರು ದಡದ ವಾಳಕ್ಕಾಡು ಪಂಚಾಯತಿಯ ಕೆ. ಎ. ರಹಮಾನ್ ವರ್ಷಾನುಗಟ್ಟಲೆ ಹೋರಾಡಿದ್ರು. ಇದೊಂದು ಸಲೀಸಾದ ಜಗಳ ಆಗಿರಲಿಲ್ಲ, ಕೂಲಿ ಬೇಕು ಅನ್ನೋರೂ ನೀರು ಬೇಕು ಅನ್ನೋರೂ ಅಕ್ಕಪಕ್ಕದ ಮನೆಯವರೇ. 1985ರಿಂದ 1988ರವರೆಗೆ ಕಾರ್ಮಿಕ ವಿವಾದದಲ್ಲಿ ಫ್ಯಾಕ್ಟರಿ ಮುಚ್ಚಿತ್ತು, ಕೆಲಸ ಹೋದವರಲ್ಲಿ ಆತ್ಮಹತ್ಯೆ ಮಾಡ್ಕೊಂಡವರೂ ಇದ್ರು. ಮತ್ತೆ ತೆರೆದ್ರು. ರಹಮಾನ್ 1999ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ್ರು, ಫ್ಯಾಕ್ಟರಿ ನಿಂತದ್ದೂ ಅದೇ ವರ್ಷ, 2001ರಲ್ಲಿ ಅಧಿಕೃತವಾಗಿ ಮುಚ್ಚಿತು.

ನಮ್ಮ ಕಡೆಯವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನಿಸಿದ್ರೆ ತಪ್ಪಿಲ್ಲ. ತುಂಗಭದ್ರಾ ದಡದ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಅದೇ ಬಳಗದ್ದು, ಅಲ್ಲಿ ಮೀನು ಸತ್ತದ್ದು, ಧಾರವಾಡದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತದ್ದು, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದ 'ಕಿತ್ತಿಕೋ ಹಚ್ಚಿಕೋ'. ಒಂದು ಹೊಳೆ ಪಡುವಣಕ್ಕೆ ಹರೀತದೆ, ಒಂದು ಮೂಡಣಕ್ಕೆ, ಕತೆ ಒಂದೇ.

ಈಗ ಶೆಡ್ಡಿಗೆ ವಾಪಸ್ ಹೋಗುವ.

ಉರು ಕಟ್ಟೋದು ನೋಡಿದ್ರೆ ಮೊದಲು ತಲೆ ತಿರುಗೋದು ಎಲ್ಲಿ ಅಂದ್ರೆ, ಕಾಗದ ಇಲ್ಲ. ಮೇಸ್ತ್ರಿಯ ತಲೆಯಲ್ಲೇ ಎಲ್ಲ ಅಳತೆ. ಮೊದಲು ತಳದ ದಿಮ್ಮಿ ಇಡ್ತಾರೆ, ಅದೇ ಬೆನ್ನುಮೂಳೆ. ಅದರ ಮೇಲೆ ಎರಡೂ ಕಡೆ ಹೊರಗಿನ ಹಲಗೆ ಏರಿಸ್ತಾ ಬರ್ತಾರೆ, ಪಕ್ಕೆಲುಬು ಆಮೇಲೆ ಒಳಗಿಂದ ಕೂರಿಸೋದು. ಯುರೋಪಿನ ಯಾರ್ಡುಗಳಲ್ಲಿ ಇದಕ್ಕೆ ಉಲ್ಟಾ, ಮೊದಲು ಪಕ್ಕೆಲುಬಿನ ಗೂಡು, ಆಮೇಲೆ ಚರ್ಮ. ಗೂಡು ಮೊದಲು ಕಟ್ಬೇಕಾದ್ರೆ ಎಲ್ಲ ಲೆಕ್ಕ ಮುಂಚೆಯೇ ಕಾಗದದಲ್ಲಿ ಇರ್ಬೇಕು, ಚರ್ಮ ಮೊದಲು ಅಂದ್ರೆ ಹಲಗೆ ಹಲಗೆಗೂ ಕಣ್ಣಲ್ಲಿ ನೋಡಿ ತಿದ್ದಿಕೊಳ್ಳಬಹುದು. ಮರ ಎಷ್ಟು ಬಾಗ್ತದೆ ಅಂತ ಮರವನ್ನೇ ಕೇಳ್ತಾ ಹೋಗೋದು. ಹಲಗೆ ಹಲಗೆಯ ಸಂದಿಗೆ ಹತ್ತಿ ಎಳೆಯನ್ನ ರಾಳ ಎಣ್ಣೆ ಹಾಕಿ ಉಳಿ ಸುತ್ತಿಗೆಯಲ್ಲಿ ತುರುಕ್ತಾರೆ, ನೀರಿಗಿಳಿದ ಮೇಲೆ ಮರ ಹಿಗ್ಗಿ ಸಂದಿ ಬಿಗೀತದೆ. ಹೊರಗೆ ಮೀನೆಣ್ಣೆ. ದೊಡ್ಡ ಉರು ಒಂದಕ್ಕೆ ಒಂದೂವರೆ ಎರಡು ವರ್ಷ ಹಿಡೀತದೆ.

ಕಟ್ಟಿದ ಮೇಲೆ ನೀರಿಗೆ ಇಳಿಸ್ಬೇಕಲ್ಲ, ಅದು ಖಲಾಸಿಗಳ ಕೆಲಸ. ನಮ್ಮಲ್ಲಿ ಬೋಟಿನ ಕಲಾಸಿ ಅಂತೀವಲ್ಲ, ಅದೇ ಶಬ್ದ, ಅರಬ್ಬಿ ಮೂಲದ್ದು, ಇಲ್ಲಿ ಅದು ಭಾರ ಎತ್ತಿ ಸರಿಸೋ ಕಸುಬಿನವರ ಹೆಸರು, ಹೆಚ್ಚಿನವರು ಮಾಪಿಳ್ಳೆಗಳು. ಅವರ ಮಿಷನ್ನು ದವರ್, ಅಂದ್ರೆ ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಂತ ದೊಡ್ಡ ರಾಟೆ, ಅಡ್ಡ ಕೋಲು ಹಿಡಿದು ಜನ ಸುತ್ತಲೂ ನಡೆದು ತಿರುಗಿಸಿದ ಹಾಗೆ ಹಗ್ಗ ಸುತ್ತಿಕೊಳ್ತದೆ, ಜೊತೆಗೆ ಕಪ್ಪಿಗಳು, ಅಡಿಯಲ್ಲಿ ಉರುಳುದಿಮ್ಮಿಗಳು. ಒಬ್ಬ ಹಾಡು ಎತ್ತಿಕೊಡ್ತಾನೆ ಉಳಿದವರು ದನಿ ಸೇರಿಸಿ ಎಳೀತಾರೆ, ನೂರಾರು ಟನ್ನಿನ ಹಡಗು ಇಂಚು ಇಂಚು ಜಾರ್ತದೆ, ದಿನಗಟ್ಟಲೆ, ಕೊನೆಗೆ ದೊಡ್ಡ ಭರತ ಬರೋ ಹೊತ್ತಿಗೆ ಸರಿಯಾಗಿ ನೀರಿಗೆ. 1988ರ ಜುಲೈ 8ಕ್ಕೆ ಬೆಂಗಳೂರಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ರ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದು 105 ಜನ ಸತ್ರು, ನೆನಪಿದ್ದವರು ಇರ್ತೀರಿ. ನೀರಲ್ಲಿ ಮುಳುಗಿದ ಬೋಗಿಗಳನ್ನ ಎಳೆದು ತೆಗೆಯೋಕೆ ಕರೆಸಿದ್ದು ಈ ಖಲಾಸಿಗಳನ್ನೇ, ಅದೇ ದವರು ಅದೇ ಹಗ್ಗ.

ಹಾಗಾದ್ರೆ ಇವರು ಯಾಕೆ ಉಳಿದ್ರು? ಪರಂಪರೆ, ಕುಶಲತೆ, ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ, ಎಲ್ಲ ಟೂರಿಸಂ ಬ್ರೋಶರಲ್ಲೂ ಅದೇ ಇರೋದು. ಮಿಲ್ಲಿನವರೇನು ದಡ್ಡರಾ? ನನಗೆ ಕಾಣೋದು ಬೇರೆ. ಮರದ ಮಿಲ್ಲು, ಕುಲುಮೆ, ರೇಯಾನು ಮೂರಕ್ಕೂ ದಿನಾ ಹೊಟ್ಟೆಗೆ ಬೀಳ್ಬೇಕು, ಇವತ್ತು ಇದ್ದಲು ಬರಲಿಲ್ಲ ಅಂದ್ರೆ ಕುಲುಮೆ ಆರ್ತದೆ. ಹೊಟ್ಟೆಗೆ ಬೇಕಾದ್ದೆಲ್ಲ ಒಂದೇ ಕಾಡಿನಿಂದ, ಅದೂ ಸರ್ಕಾರದ ಹುಕುಮಿನಲ್ಲಿ ಅಗ್ಗಕ್ಕೆ. ಹುಕುಂ ಬದಲಾದ್ರೆ, ಕಾಡು ತೆಳುವಾದ್ರೆ ಮುಗೀತು. ಉರುವಿನ ಯಾರ್ಡಿಗೆ ಆ ಹಸಿವೇ ಇಲ್ಲ. ಆರ್ಡರ್ ಬಂದ್ರೆ ಮಾತ್ರ ದಿಮ್ಮಿ ಇಡೋದು, ಕಟ್ಟಿಸೋನು ದುಡ್ಡು ಕೊಟ್ಟ ಹಾಗೆ ಕೆಲಸ ಸಾಗೋದು, ಆರ್ಡರ್ ಇಲ್ಲದ ವರ್ಷ ಮೇಸ್ತ್ರಿ ಮನೆ ಬಾಗಿಲು ಮಾಡ್ತಾನೆ, ಖಲಾಸಿ ಸೇತುವೆ ಕೆಲಸಕ್ಕೋ ಬಾಯ್ಲರ್ ಸರಿಸೋಕೋ ಹೋಗ್ತಾನೆ. ಯಾರ್ಡು ಅಂದ್ರೆ ಒಂದು ತೆಂಗಿನ ತೋಟ, ಒಂದು ಶೆಡ್ಡು. ಮುಚ್ಚೋಕೆ ಅಲ್ಲಿ ಏನಿದೆ?

ಮತ್ತೆ ಅಳಿವೆ. ಸ್ಟೀಮರಿಗೆ ಶತ್ರು ಆದ ಮರಳು ಉರುವಿಗೆ ಅಷ್ಟೊಂದು ತೊಂದರೆ ಕೊಡಲಿಲ್ಲ. ಗಿರಾಕಿ ಕೂಡ ಮುಂಬೈಯ ಯುದ್ಧಹಡಗಿನವ ಅಲ್ಲ, ಮರವೇ ಬೆಳೆಯದ ಕೊಲ್ಲಿ ದೇಶದವ, ಕುವೈತಿನವನಿಗೆ ಕತಾರಿನವನಿಗೆ ಮಲಬಾರಿನ ತೇಗ ಬಿಟ್ಟು ಗತಿ ಇರಲಿಲ್ಲ. ಖರ್ಜೂರ ತರೋ ಹಾಯಿಹಡಗಿನ ಕಾಲ ಮುಗಿದು ಅಲ್ಲಿ ಎಣ್ಣೆ ದುಡ್ಡು ಬಂದಾಗ ಆ ಗಿರಾಕಿ ಹೋಗಲಿಲ್ಲ, ರೂಪ ಬದಲಾಯಿಸಿದ, ಸರಕಿಗೆ ಅಂತ ಕಟ್ಟಿಸ್ತಿದ್ದವ ಶೋಕಿಗೆ ಕಟ್ಟಿಸೋಕೆ ಶುರು ಮಾಡಿದ. ಈಗಿನ ಎಷ್ಟೋ ಉರುಗಳು ಅರಬ್ ಶೇಖ್‌ಗಳ ವಿಹಾರದ ಹಡಗುಗಳು, ಹೊರಮೈ ಇಲ್ಲಿ ಕಟ್ಟಿ ಎಳೆದುಕೊಂಡು ಹೋಗಿ ಇಂಜಿನ್ನು, ಒಳಗಿನ ಅಲಂಕಾರ ಎಲ್ಲ ಅಲ್ಲಿ ಮಾಡ್ಸೋದು. ಇದನ್ನ ಅದೃಷ್ಟ ಅಂತಲೇ ಹೇಳ್ಬೇಕು, ಮೇಸ್ತ್ರಿಗಳ ಜಾಣತನ ಅಂತ ಪೂರ್ತಿ ಹೇಳೋಕೆ ನಂಗೆ ಮನಸ್ಸು ಒಪ್ಪಲ್ಲ.

ಮತ್ತೆ ಉಳಿದ್ರು ಅನ್ನೋ ಶಬ್ದವನ್ನೂ ಜಾಸ್ತಿ ಎಳೀಬಾರದು. ಒಂದು ಕಾಲಕ್ಕೆ ದಡದುದ್ದ ಉಳಿಯ ಸದ್ದು ಇದ್ದ ಊರಲ್ಲಿ ಈಗ ಒಂದೆರಡು ಉರು ಎದ್ದರೆ ಅದೇ ಸುದ್ದಿ. ಹುಡುಗರು ಉಳಿ ಹಿಡಿಯೋದು ಬಿಟ್ಟು ಕೊಲ್ಲಿಗೇ ಹೋಗ್ತಾರೆ, ಅಪ್ಪ ಕಟ್ಟಿದ ಹಡಗು ಹೋದ ಊರಿಗೇ ಮಗ ವೀಸಾ ಮಾಡಿಸ್ಕೊಂಡು ಹೋಗೋದು. ಇನ್ನು ಕೆಲವರು ಉರುವಿನ ಸಣ್ಣ ಮಾದರಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರ್ತಾರೆ, ನಾನೂ ಒಂದು ತಂದಿದ್ದೇನೆ, ಟೀವಿ ಪಕ್ಕದಲ್ಲಿದೆ. ಆ ಸಣ್ಣದರಲ್ಲೂ ಹಲಗೆ ಹಲಗೆ ಬೇರೆ ಬೇರೆಯಾಗಿಯೇ ಕೂರಿಸಿದ್ದಾರೆ.

ಮರದ ವಿಷಯ ಹೇಳೋಕೆ ಮರೆತೆ. ನಿಲಂಬೂರಿನ ತೇಗ ಈಗಲೂ ಬರ್ತದೆ, ಡಿಪೋದ ಹರಾಜಲ್ಲಿ ಕೊಂಡು ಲಾರಿಯಲ್ಲಿ. ಆದ್ರೆ ತಳದ ಬೆನ್ನುಮೂಳೆಗೆ ಬೇಕಾಗೋ ಅಷ್ಟು ಉದ್ದದ, ಅಷ್ಟು ದಪ್ಪದ ಮರ ಚಾಲಿಯಾರಿನ ಕಾಡಲ್ಲಿ ಸಿಗೋದು ಕಷ್ಟ ಅಂತ ಮಲೇಷ್ಯಾದ ಮರ ತರಿಸ್ತಾರೆ. ಇನ್ನೂರು ವರ್ಷ ಹಡಗಿಗೆ ಅಂತ ಇಲ್ಲಿಂದ ಮರ ಸಮುದ್ರ ದಾಟಿ ಹೋಗ್ತಿತ್ತು, ಈಗ ಸಮುದ್ರ ದಾಟಿ ಬಂದ ದಿಮ್ಮಿ ಲಾರಿ ಮೇಲೆ ಬೇಪೂರಿಗೆ ಬಂದು ಅದೇ ಹೊಳೆ ದಡದಲ್ಲಿ ಇಳೀತದೆ, ಅದನ್ನ ಶೆಡ್ಡಿನೊಳಗೆ ಸರಿಸೋಕೆ ಖಲಾಸಿಗಳು ದವರ್ ಹೂಡ್ತಾರೆ.